ಕೆರೆ ಏರಿ ಮೇಲಿನ ತಳ್ಳುಗಾಡಿ

ಕೇಳ್ರಪ್ಪಾ, ನಡುವೆ ಬಾಯಿ ಹಾಕದೆ ಕೇಳಿ. ಕೆರೆಯ ಈಚೆ ಊರಲ್ಲಿ ಕೆಂಪಸಿದ್ದಮ್ಮ ಅಂತ ಒಬ್ಬ ಮುದುಕಿ, ಅವಳಿಗೊಬ್ಬ ಮಗ ಚೆನ್ನಿಗ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋ ಪೆದ್ದ. ಇವನನ್ನ ಕಟ್ಟಿಕೊಂಡು ಏಗೋದು ಸಾಲದು ಅಂತ ಮುದುಕಿಗೆ ಮಂಡಿ ಬೇರೆ ಹಿಡಿದಿತ್ತು. ಏರಿಯ ಆಚೆ ತುದಿಗೆ ಅವಳ ಅಕ್ಕನ ಮನೆ. ಅಕ್ಕನ ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕಿ ವರ್ಷವಾಗಿತ್ತು, ನೆನೆದರೆ ಕಣ್ಣೀರು ಹಾಕೋಳು.

ಆಸ್ಪತ್ರೆಯ ನರ್ಸಮ್ಮ, ಕೂತಷ್ಟೂ ಮಂಡಿ ಹಿಡ್ಕೊಳ್ತದೆ, ದಿನಾ ಏರಿ ಮೇಲೆ ನಡೆಸಪ್ಪ ಅಂದಳು. ಪೆದ್ದ ನಡೆಸಿದ. ನಿಲ್ಲೋಕೇ ಬಿಡದೆ ನಡೆಸಿದ. ಏದುಸಿರು ಬಂದರೆ ಕೂರಿಸಬೇಕು ಕಣೋ ಅಂತ ಅವ್ವ ಬೈದಳು.

"ಆಗಲಿ ಕಣವ್ವ" ಅಂದ.

ಸಂಜೆ ಎಮ್ಮೆ ಹೊಡ್ಕೊಂಡು ಬರುವಾಗ ಅದು ಬುಸ್ ಬುಸ್ ಅಂತಿತ್ತು. ತಗೋ, ನಡುಬೀದಿಯಲ್ಲಿ ಬೆನ್ನು ಒತ್ತಿ ಒತ್ತಿ ಅದನ್ನ ಕೂರಿಸೋಕೆ ನಿಂತ. ಎಮ್ಮೆ ಕೂರಲಿಲ್ಲ, ಒದೀತು. ಅವ್ವ ಹಣೆ ಚಚ್ಚಿಕೊಂಡು, ನಿಂತ ಎಮ್ಮೆ ಮುಂದೆ ಹಸಿಹುಲ್ಲು ಹಿಡಿ, ತಾನೇ ಬರ್ತದೆ ಅಂದಳು.

"ಆಗಲಿ ಕಣವ್ವ" ಅಂದ.

ಮಾರನೇ ದಿನ ಅವ್ವ ಸುಸ್ತಾಗಿ ಏರಿ ಮೇಲೆ ನಿಂತಳು. ಪೆದ್ದ ಒಂದು ಹಿಡಿ ಹುಲ್ಲು ಕಿತ್ತು ಅವಳ ಮೂಗಿನ ಮುಂದೆ ಹಿಡಿದು ಬಾ ಬಾ ಅಂತ ಕರೆದ. ಮುದುಕಿ ರೇಗಿ ಕೋಲೆತ್ತಿಕೊಂಡು ಅಟ್ಟಿಸಿಕೊಂಡು ಹೋದಳು. ಅರ್ಧ ಏರಿ ದಾಟಿದ್ದು ಅವಳಿಗೇ ಗೊತ್ತಾಗಲಿಲ್ಲ.

"ನಾನೇನು ಹುಲ್ಲು ಮೇಯ್ತೀನೇನೋ? ಹಿಡಿಯೋದಾದರೆ ನಾನು ಆಸೆಪಡೋದನ್ನ ಹಿಡಿ."

ಅವ್ವ ಆಸೆಪಡೋದು ಏನನ್ನ? ಅದು ಪೆದ್ದನಿಗೂ ಗೊತ್ತಿತ್ತು. ಬೆಳಿಗ್ಗೆ ಎದ್ದವನೇ ಸೌದೆ ತರೋ ತಳ್ಳುಗಾಡಿ ತಗೊಂಡು ಹೋಗಿ ದೊಡ್ಡವ್ವನನ್ನೇ ಹೊತ್ತು ಕೂರಿಸಿಕೊಂಡು ಬಂದ. ಅಕ್ಕನ್ನ ಕಂಡು ಅವ್ವ ಕೈ ಚಾಚಿದಳು. ಪೆದ್ದ ಗಾಡಿ ಹಿಂದಕ್ಕೆ ಎಳೆದ. ಅವ್ವ ಹೆಜ್ಜೆ ಇಟ್ಟಳು, ಇವನು ಇನ್ನಷ್ಟು ಎಳೆದ. ಗಾಡಿ ಮೇಲಿಂದ ಅಕ್ಕ ಬೈತಾಳೆ, ಹಿಂದಿನಿಂದ ತಂಗಿ ಬೈತಾಳೆ, ಬೈತಾ ಬೈತಾ ಇಬ್ಬರಿಗೂ ನಗು ಬಂತು, ನಗ್ತಾ ನಗ್ತಾ ಏರಿಯೇ ಮುಗಿದು ಹೋಯ್ತು. ನೋಡಿದರೆ ಅಕ್ಕನ ಜಗಲಿ. ಅಕ್ಕ ತಂಗಿ ತಬ್ಬಿಕೊಂಡು ಅತ್ತರು, ಎಲೆ ಅಡಿಕೆ ಹಾಕಿದರು. ಖುಷಿಗೆ ಅವ್ವ ಅವತ್ತು ಅಲ್ಲೇ ಉಳಿದಳು.

ಆದರೂ ಬೈಗುಳ ತಪ್ಪುತ್ತದೆಯೇ? ಈ ಸಲ ಬೈದವಳು ದೊಡ್ಡವ್ವ.

"ನನ್ನ ಮಂಡಿಗೂ ನಡಿಗೆ ಬೇಡ್ವೇನೋ, ಪೆದ್ದ? ನಾಳೆಯಿಂದ ಗಾಡಿ ಹಿಡ್ಕೊಂಡು ನಾವೇ ನಡೀತೀವಿ. ನೀನು ಸುಮ್ನೆ ಕೂತ್ಕೋ."

"ಆಗಲಿ ಕಣ್ ದೊಡ್ಡವ್ವ" ಅಂದ.

ಮಾರನೇ ದಿನ ಎದುರಿಗೆ ಬಂದ ನರ್ಸಮ್ಮ ಏರಿ ಮೇಲೆ ಕಂಡದ್ದು ಇದು. ಇಬ್ಬರು ಮುದುಕಿಯರು ಎಲೆ ಅಡಿಕೆ ಜಗೀತಾ, ಬೈತಾ, ನಗ್ತಾ ಗಾಡಿ ತಳ್ಕೊಂಡು ಬರ್ತಿದ್ದಾರೆ. ಗಾಡಿ ಮೇಲೆ ಚೆನ್ನಿಗ. ಇದೇನಪ್ಪ ಅಂತ ನರ್ಸಮ್ಮ ಎಷ್ಟು ಕೇಳಿದರೂ ಅವನು ತುಟಿ ಬಿಚ್ಚಲಿಲ್ಲ. ಸುಮ್ನೆ ಕೂತಿದ್ದ.