ಬಂದವರು ನೀವು, ನಿಂತವಳು ನಾನು

ಆ ಬಾನೆಟ್ಟು ಮುಚ್ಚಿ, ಬಂದು ಈ ಕಟ್ಟೆ ಮೇಲೆ ಕೂತುಕೊಳ್ಳಿ. ಬೆಳಗಿನಿಂದ ನೋಡುತ್ತಿದ್ದೇನೆ. ಒಬ್ಬ ಸೈಲೆನ್ಸರ್ ಬದಲಾಯಿಸೋಣ ಅನ್ನುತ್ತಾನೆ, ಒಬ್ಬ ಹಿಂದೆ ರೆಕ್ಕೆ ಕೂರಿಸೋಣ ಅನ್ನುತ್ತಾನೆ, ಇನ್ನೊಬ್ಬ ಇಂಜಿನ್ನೇ ಬಿಚ್ಚೋಣ ಅನ್ನುತ್ತಾನೆ. ನಿಮ್ಮೆಲ್ಲರ ಜೇಬು ಕೊಡವಿದರೂ ಒಂದು ಸಾಮಾನು ಬಂದೀತು, ಇನ್ನೊಂದು ಬರುವುದಿಲ್ಲ. ಹಳೆಯದಾದರೇನು, ಸ್ಪೋರ್ಟ್ಸ್ ಕಾರು ಕೊಂಡಿದ್ದೀರಿ, ಸಂತೋಷ. ಆದರೆ ಅಂಥ ಕಾರಿಗೆ ಮೊದಲು ಏನು ಮಾಡಿಸಬೇಕು ಅನ್ನುವ ಜಗಳ ಈ ಊರಲ್ಲಿ ಒಮ್ಮೆ ಆಗಿಹೋಗಿದೆ. ಆ ಜಗಳ ಗೆದ್ದವಳು ತಡಿಯಕ್ಕ.

ಬಹಳ ಹಿಂದೆ ಒಂದೂರಿತ್ತು. ಯಾವ ಊರು ಅಂದರೆ ಇದೇ ಊರು, ಕೆಂಚಕಣಿವೆ. ಎಷ್ಟು ಹಿಂದೆ ಅಂದರೆ, ನಮ್ಮಜ್ಜನನ್ನು ಕೇಳಿದರೆ ಅವನೂ ಬಹಳ ಹಿಂದೆ ಅಂತಲೇ ಅನ್ನುತ್ತಿದ್ದ. ಗುಡ್ಡದ ನೆತ್ತಿಯ ಮೇಲೆ ಅದಿರಿನ ಗಣಿ. ಅಲ್ಲಿಂದ ಹಾವು ಹರಿದ ಹಾಗೆ ಇಳಿಯುವ ದಾರಿ. ದಾರಿಯ ಬುಡದಲ್ಲಿ ಊರು, ಊರಾಚೆ ಕೆರೆ, ಕೆರೆಯಾಚೆ ಪೇಟೆ. ಪೇಟೆಗೆ ಹೋಗಲು ಇದ್ದದ್ದು ಅದೊಂದೇ ದಾರಿ. ಆ ದಾರಿಗೆ ಮಣ್ಣು ಹೊತ್ತವರು ನಮ್ಮೂರಿನವರು, ಕಲ್ಲು ಒಡೆದವರು ನಮ್ಮೂರಿನವರು. ಆದರೆ ಗಣಿಯ ಧಣಿ ಊರ ಬಾಗಿಲಲ್ಲಿ ಒಂದು ಗೇಟು ಹಾಕಿಸಿ, ದಾರಿ ನನ್ನದು ಅಂದುಬಿಟ್ಟ.

ಆ ಗೇಟಿನ ಪಕ್ಕದಲ್ಲೇ ಒಂದು ಕುಲುಮೆ. ಅದರ ಒಡತಿ ಕಮ್ಮಾರರ ಮೌನಮ್ಮ. ಹೆಸರಷ್ಟೇ ಮೌನಮ್ಮ, ಅವಳು ಬಾಯಿ ತೆರೆದರೆ ಉಳಿದವರು ಮೌನ ಆಗುತ್ತಿದ್ದರಂತೆ. ಅಪ್ಪ ಗಾಡಿಗಳ ಅಚ್ಚು ಮಾಡುತ್ತಿದ್ದ, ಮಗಳು ಲಾರಿಗಳ ಅಚ್ಚು ಮಾಡತೊಡಗಿದಳು. ಲಾರಿ ಗುಡ್ಡದ ಮೇಲಿರುವಾಗಲೇ ಶಬ್ದ ಕೇಳಿ, ಯಾವ ಚಕ್ರದಲ್ಲಿ ಏನು ಸವೆದಿದೆ ಅಂತ ಹೇಳುತ್ತಿದ್ದಳು ಅನ್ನುತ್ತಾರೆ. ಅರ್ಧ ಸಲ ತಪ್ಪು ಹೇಳುತ್ತಿದ್ದಳು ಅಂತಲೂ ಅನ್ನುತ್ತಾರೆ. ಅವಳಿಗೇನೂ ನಾಚಿಕೆ ಇರಲಿಲ್ಲ, ಲಾರಿಯೇ ಸುಳ್ಳು ಹೇಳಿತು ಅನ್ನುತ್ತಿದ್ದಳಂತೆ.

ಅವಳಿಗೆ ಇದ್ದವಳು ಒಬ್ಬಳೇ ತಂಗಿ, ಕಾಳವ್ವ. ಕಾಳವ್ವನಿಗೆ ಹೆರಿಗೆ ನೋವು ಬಂತು, ಕೂಸು ಅಡ್ಡ ತಿರುಗಿದೆ, ಪೇಟೆ ಆಸ್ಪತ್ರೆಗೇ ಒಯ್ಯಬೇಕು ಅಂದಳು ಸೂಲಗಿತ್ತಿ. ಗಾಡಿ ಕಟ್ಟಿದರು. ಗೇಟಿನ ಹತ್ತಿರ ಬಂದರೆ ಗೇಟು ಹಾಕಿದೆ. ಧಣಿಯ ಅಪ್ಪಣೆ ಇಲ್ಲದೆ ತೆಗೆಯುವ ಹಾಗಿಲ್ಲ ಅಂದ ಕಾವಲಿನವನು. ಅಪ್ಪಣೆ ತರಲು ಒಬ್ಬ ಗುಡ್ಡ ಹತ್ತಿದ. ಅವನು ಹತ್ತಿ ಇಳಿಯುವಷ್ಟರಲ್ಲಿ ಗೇಟಿನ ಮುಂದೆಯೇ ಹೆರಿಗೆಯಾಯಿತು. ಕೂಸು ಉಳಿಯಿತು, ತಾಯಿ ಉಳಿಯಲಿಲ್ಲ. ಆ ಕೂಸಿಗೆ ಮೌನಮ್ಮ ಗೇಟಪ್ಪ ಅಂತ ಹೆಸರಿಟ್ಟಳು. ನಗಬೇಡಿ. ಮರೆಯಬಾರದು ಅಂತ ಇಟ್ಟ ಹೆಸರು ಅದು. ನಮ್ಮಲ್ಲಿ ಮನೆಗೊಬ್ಬ ಗೇಟಪ್ಪ ಇರುವುದು ಅದಕ್ಕೇ.

ಆಯುಧಪೂಜೆಯ ದಿನ ಗಣಿಯಲ್ಲಿ ಎಲ್ಲ ಲಾರಿಗಳಿಗೂ ಬೂದುಗುಂಬಳ ಒಡೆಯುತ್ತಿದ್ದರು. ಮೌನಮ್ಮ ಗೇಟಪ್ಪನನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಲ್ಲಿಗೆ ಹೋದಳು. ಎಲ್ಲರ ಮುಂದೆ ಧಣಿಗೆ ಹೇಳಿದಳಂತೆ: "ನಿಮ್ಮ ಗೇಟು ಬಸುರಿ ಹೆಂಗಸ್ರನ್ನ ನಿಲ್ಲಿಸ್ತದೆ. ತಾಕತ್ತಿದ್ರೆ ನಿಮ್ಮ ಕಾರನ್ನ ನಿಲ್ಲಿಸ್ಲಿ ನೋಡಾನ."

ಧಣಿಯದು ಕರೀ ಕಾರು. ಮದುವೆ ದಿಬ್ಬಣವೇ ಕೂರುವಷ್ಟು ಉದ್ದ, ಗುಡುಗಿನಂಥ ಇಂಜಿನ್. ಅದರ ಮೇಲೆ ಅವನಿಗೆ ಹೆಂಡತಿಗಿಂತ ಹೆಚ್ಚು ಮೋಹ ಅನ್ನುತ್ತಾರೆ. ಅವನು ನಕ್ಕ. ಗಣಿಯ ಬಾಯಿಂದ ಹೊರಟು ನನ್ನ ಕಾರಿಗಿಂತ ಮುಂಚೆ ಗೇಟಿನ ಹತ್ತಿರ ಬಂದು ನಿಂತರೆ ಗೇಟು ಕಿತ್ತು ಹಾಕಿಸುತ್ತೇನೆ, ನಾನು ಮೊದಲು ಬಂದು ನಿಂತರೆ ನೀನು ಕುಲುಮೆ ಕಿತ್ತುಕೊಂಡು ಊರು ಬಿಡಬೇಕು ಅಂದ. ಬಂದು ನಿಂತರೆ ಅಂದ. ಆ ಮಾತು ನೆನಪಿಟ್ಟುಕೊಳ್ಳಿ.

ಮೌನಮ್ಮ ಒಪ್ಪಿಕೊಂಡಳು. ಊರು ತಲೆ ಮೇಲೆ ಕೈ ಹೊತ್ತು ಕೂತಿತು. ಅವಳ ಹತ್ತಿರ ಕಾರೇ ಇರಲಿಲ್ಲ.

ಕಾರು ಇದ್ದದ್ದು ಹಳ್ಳದಲ್ಲಿ. ಧಣಿಯ ಭಾಮೈದ ಒಂದು ಕಾಲದಲ್ಲಿ ಇಬ್ಬರೇ ಕೂರುವ ಸಣ್ಣ ಕೆಂಪು ಕಾರು ತಂದಿದ್ದ. ಓಡಲಿಕ್ಕೆಂದೇ ಮಾಡಿದ ಕಾರು, ಮೇಲೆ ಸೂರಿಲ್ಲ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡಂತೆ ಕೂರುತ್ತಿತ್ತು. ಅವನು ಅದನ್ನು ಹಳ್ಳಕ್ಕೆ ಉರುಳಿಸಿ, ಕೈ ಮುರಿದುಕೊಂಡು, ಅಲ್ಲೇ ಬಿಟ್ಟು ಹೋಗಿದ್ದ. ಕೋಳಿಗಳು ಅದರಲ್ಲಿ ಮೊಟ್ಟೆಯಿಡುತ್ತಿದ್ದವು. ಮೌನಮ್ಮ ಕೋಳಿಗಳನ್ನು ಓಡಿಸಿ, ಎತ್ತು ಕಟ್ಟಿ ಕಾರನ್ನು ಕುಲುಮೆಗೆ ಎಳೆಸಿದಳು. ನೆಗ್ಗಿದ್ದನ್ನು ಬಡಿದಳು, ಬಾಗಿದ್ದನ್ನು ನೆಟ್ಟಗೆ ಮಾಡಿದಳು. ಕಾರು ಕೆಮ್ಮಿತು, ಉಗುಳಿತು, ಕೊನೆಗೆ ಓಡಿತು.

ಆಮೇಲೆ ಶುರುವಾಯಿತು ಜಗಳ, ಈಗ ನೀವು ಆಡುತ್ತಿದ್ದೀರಲ್ಲ ಅದೇ ಜಗಳ. ಊರವರೆಲ್ಲ ಸೇರಿ ಕೂಡಿಸಿದ ದುಡ್ಡು ಒಂದೇ ಒಂದು ಹೊಸ ಸಾಮಾನಿಗೆ ಸಾಲುವಂತಿತ್ತು. ಕೊಟ್ಟವರೆಲ್ಲ ಬುದ್ಧಿಯನ್ನೂ ಕೊಡಲು ಬಂದರು. ಗಣಿಯ ಲಾರಿ ಓಡಿಸುತ್ತಿದ್ದ ಗುರುಸಿದ್ಧ, ಇನ್ನೊಂದು ಕಾರ್ಬೊರೇಟರ್ ಕೂರಿಸು, ಇಂಜಿನ್ನಿಗೆ ದಮ್ಮು ಬರುತ್ತದೆ ಅಂದ. ಬ್ಯಾಂಡ್‌ಸೆಟ್ಟಿನ ದಸ್ತಗೀರ, ದೊಡ್ಡ ಹಾರ್ನ್ ಹಾಕಿಸು, ಧಣಿ ಹೆದರಿ ದಾರಿ ಬಿಡುತ್ತಾನೆ ಅಂದ. ಬಣ್ಣ ಅಂದವರಿದ್ದರು, ಸೀಟಿಗೆ ಮಕಮಲ್ಲು ಅಂದವರೂ ಇದ್ದರು. ಅವಳು ಎಲ್ಲರಿಗೂ ಒಂದೇ ಮಾತು ಹೇಳಿದಳು: "ತಡಿ."

ಗುರುಸಿದ್ಧನಿಗೂ ತಡಿ, ದಸ್ತಗೀರನಿಗೂ ತಡಿ. ಅಂದಿನಿಂದ ಅವಳು ತಡಿಯಕ್ಕ ಆದಳು.

ಮೊದಲು ಅವಳು ಏನನ್ನೂ ಹಾಕಲಿಲ್ಲ, ತೆಗೆದಳು. ಬಂಪರ್ ಬಿಚ್ಚಿದಳು, ಪಕ್ಕದ ಸೀಟು ಬಿಚ್ಚಿದಳು, ಬಾಗಿಲು, ಕನ್ನಡಿ, ಸಿಗರೇಟಿನ ಬೂದಿ ಡಬ್ಬಿ, ಎಲ್ಲ ಬಿಚ್ಚಿ ಆ ಹುಣಸೆ ಮರಕ್ಕೆ ನೇತುಹಾಕಿದಳು. ತೆಗೆಯೋಕೆ ಯಾರಪ್ಪನ ದುಡ್ಡೂ ಬೇಡ ಅಂದಳಂತೆ. ಆಮೇಲೆ ಊರಿನ ದುಡ್ಡು ತಗೊಂಡು ಪೇಟೆಗೆ ಹೋದಳು. ಊರೆಲ್ಲ ಕಾದು ಕೂತಿತು. ಅವಳು ಸಂಜೆ ಬಂದು ಗೋಣಿಚೀಲ ಸುರಿದರೆ, ಒಳಗಿದ್ದದ್ದು ಲಾರಿಗೆ ಹಾಕುವ ಬ್ರೇಕ್ ಲೈನರ್.

ಊರಿಗೆ ಉರಿದುಹೋಯಿತು. ಓಡುವ ಪಂದ್ಯಕ್ಕೆ ನಿಲ್ಲುವ ಸಾಮಾನು ತಂದಿದ್ದಾಳೆ! ಗುರುಸಿದ್ಧನಂತೂ ಟವೆಲ್ಲು ಕೊಡವಿ ಎದ್ದ. "ನಮ್ಮ ದುಡ್ಡೆಲ್ಲ ನೀರಿಗೆ ಹಾಕಿದ್ಯಲ್ಲ ತಾಯಿ," ಅಂದ. ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ. "ನಿಲ್ತೀನಿ ಅನ್ನೋ ಧೈರ್ಯ ಇದ್ರೇನೇ ಓಡೋಕಾಗೋದು," ಅಂದಳು. ಲೈನರನ್ನು ಅಳತೆಗೆ ಕೊಯ್ದು, ರಿವೀಟು ಬಡಿದು ಕೂರಿಸಿದಳು. ಕುಲುಮೆಯ ಉಳಿಕೆಯಲ್ಲಿ ಬ್ರೇಕಿನ ಪೆಡಲನ್ನೂ ತಾನೇ ಹೊಸದಾಗಿ ಬಡಿದಳು, ತನ್ನ ಬರಿಗಾಲಿನ ಅಳತೆಗೆ. ದಸ್ತಗೀರ ಮಾತ್ರ ಸುಮ್ಮನಿರದೆ, ಅವಳು ಊಟಕ್ಕೆ ಹೋದಾಗ ತನ್ನ ತುತ್ತೂರಿಯೊಂದನ್ನು ತಂತಿಯಿಂದ ಕಾರಿನ ಮೂತಿಗೆ ಕಟ್ಟಿದ. ಅವಳು ನೋಡಿದಳು, ಬೈದಳು, ಆದರೆ ಬಿಚ್ಚಲಿಲ್ಲ.

ಪಂದ್ಯದ ದಿನ ಗುಡ್ಡದ ಒಂದೊಂದು ಬಂಡೆಯ ಮೇಲೂ ಜನ. ಬಾವುಟ ಇಳಿಯಿತು, ಧಣಿಯ ಕಾರು ಗುಡುಗಿತು. ಮೊದಲ ತಿರುವಿನಲ್ಲಿ ಧಣಿ ಮುಂದೆ, ಮುಂದಿನ ತಿರುವಿನಲ್ಲೂ ಧಣಿ ಮುಂದೆ. ಆದರೆ ಧಣಿಯ ಕಾರು ಭಾರ, ತಿರುವು ಇನ್ನೂ ದೂರ ಇರುವಾಗಲೇ ಅವನು ಬ್ರೇಕು ಒತ್ತಬೇಕು. ತಡಿಯಕ್ಕ ಬಂಡೆಯ ಮೂಗಿನವರೆಗೂ ಓಡಿಸಿಕೊಂಡು ಹೋಗಿ ಒತ್ತುತ್ತಾಳೆ. ನೆಟ್ಟಗಿನ ದಾರಿಯಲ್ಲಿ ಅವನು ದೂರ ಹೋಗುತ್ತಾನೆ, ತಿರುವು ಬಂದರೆ ಇವಳು ಅವನ ಬೆನ್ನಿಗೆ ಬಂದಿರುತ್ತಾಳೆ. ತುತ್ತೂರಿಗೆ ಗಾಳಿ ನುಗ್ಗಿ ಅದು ಹುಚ್ಚು ಹಿಡಿದಂತೆ ಊದುತ್ತಿತ್ತಂತೆ. ಬೆನ್ನ ಹಿಂದೆ ಆ ಸದ್ದು ಕೇಳಿ ಕೇಳಿ ಧಣಿ ರೇಗಿ ಇನ್ನೂ ಜೋರು ಮಾಡಿದ, ಇನ್ನೂ ಜೋರಾಗಿ ಬ್ರೇಕು ಒತ್ತಿದ. ಅಷ್ಟು ಭಾರದ ಕಾರು, ಅಷ್ಟು ತಿರುವು. ಅವನ ಚಕ್ರಗಳಿಂದ ಹೊಗೆ ಏಳತೊಡಗಿತು. ಸುಟ್ಟ ವಾಸನೆ ಕೆರೆಯವರೆಗೂ ಬಂದಿತ್ತು ಅನ್ನುತ್ತಾರೆ.

ಕೊನೆಯ ತಿರುವು ದಾಟಿದರೆ ಗೇಟಿನವರೆಗೂ ನೆಟ್ಟಗಿನ ಇಳಿಜಾರು. ಧಣಿಯೇ ಮುಂದೆ. ಊರಿನ ಎದೆ ಒಡೆಯಿತು. ಹೆಂಗಸರು ಸೆರಗಿನಿಂದ ಕಣ್ಣು ಮುಚ್ಚಿಕೊಂಡರು. ಧಣಿ ಬ್ರೇಕಿನ ಮೇಲೆ ಕಾಲಿಟ್ಟ. ಕಾದು ಕಾದು ಸೋತ ಬ್ರೇಕು, ಕಾಲು ಹಾಗೇ ಕೆಳಗೆ ಹೋಯಿತು. ಕಾವಲಿನವನು ನೆಗೆದು ಜೀವ ಉಳಿಸಿಕೊಂಡ. ಕರೀ ಕಾರು ಗೇಟನ್ನು ಸೀಳಿಕೊಂಡು, ಕಂಬವನ್ನು ಕಿತ್ತುಕೊಂಡು, ನೆಟ್ಟಗೆ ಹೋಗಿ ಕೆರೆಯ ಕೆಸರಿನಲ್ಲಿ ಕೂತಿತು. ಹಿಂದೆಯೇ ಬಂದ ತಡಿಯಕ್ಕ ಬ್ರೇಕು ಒತ್ತಿದಳು. ಕೆಂಪು ಕಾರು ಗೇಟು ಇದ್ದ ಜಾಗಕ್ಕೆ ಸರಿಯಾಗಿ ಬಂದು ನಿಂತಿತು. ತುತ್ತೂರಿ ಒಮ್ಮೆ ಬಿಕ್ಕಿ ಸುಮ್ಮನಾಯಿತು.

ಧಣಿ ಮೀಸೆಯವರೆಗೂ ಕೆಸರು ಮಾಡಿಕೊಂಡು ಮೇಲೆ ಬಂದ. ಮೊದಲು ಬಂದವನು ನಾನು, ನಾಳೆಯೇ ಬೇರೆ ಗೇಟು ಹಾಕಿಸುತ್ತೇನೆ, ನೀನು ಈಗಲೇ ಊರು ಬಿಡು ಅಂದ. ತಡಿಯಕ್ಕ ಕಾರಿನಿಂದ ಇಳಿಯಲಿಲ್ಲ. ಕೂತಲ್ಲಿಂದಲೇ ಹೇಳಿದಳು:

"ಬಂದವರು ನೀವು. ನಿಂತವಳು ನಾನು."

ಧಣಿಗೆ ಆ ಮಾತು ತಿಳಿಯಿತು. ತಿಳಿದದ್ದಕ್ಕೇ ಸಿಟ್ಟು ನೆತ್ತಿಗೇರಿತು. ಆಳುಗಳು ಹೊಸ ಕಂಬ ಹೊತ್ತು ತಂದರು. ನೆಡಬೇಕಾದ ಜಾಗದಲ್ಲಿ ಕಾರು, ಕಾರಿನಲ್ಲಿ ತಡಿಯಕ್ಕ, ಅವಳ ಕಾಲು ಬ್ರೇಕಿನ ಮೇಲೆ. ನೂಕಿದರು, ಅಲುಗಲಿಲ್ಲ. ಎತ್ತು ಕಟ್ಟಿ ಎಳೆದರು, ಅಲುಗಲಿಲ್ಲ. ಆನೆ ತರಿಸಿದರು ಅನ್ನುವವರೂ ಇದ್ದಾರೆ. ನಮ್ಮ ಕಡೆ ಆನೆ ಎಲ್ಲಿಂದ ಬರಬೇಕು, ಹೇಳುವವರಿಗೆ ಬಾಯಿ ಇದೆ, ಹೇಳುತ್ತಾರೆ.

ಕೊನೆಗೆ ಗಣಿಯ ಲಾರಿ ತರಿಸಿದರು. ಲಾರಿಯಲ್ಲಿ ಕೂತಿದ್ದವನು ಗುರುಸಿದ್ಧ. ಹೊಟ್ಟೆಪಾಡು, ಅವನೇನು ಮಾಡಿಯಾನು. ಕೆಂಪು ಕಾರಿಗೆ ಸರಪಳಿ ಬಿಗಿದು ಲಾರಿ ಮುಂದಕ್ಕೆ ಬಿಟ್ಟ. ಆಗ ಕಾರು ಜಾರಿತು. ಚಕ್ರ ಉರುಳಲಿಲ್ಲ, ಬ್ರೇಕು ಸೋಲಲಿಲ್ಲ, ಆದರೆ ಕಾರೇ ನೆಲ ಕೆರೆಯುತ್ತ ಜಾರಿತು. ಅಷ್ಟೆಲ್ಲ ಬಿಚ್ಚಿ ಹಗುರ ಮಾಡಿದ್ದಾಳಲ್ಲ, ನೆಲ ಹಿಡಿದುಕೊಳ್ಳಲು ಅದಕ್ಕೆ ತೂಕವೇ ಇರಲಿಲ್ಲ. ತಡಿಯಕ್ಕನ ಮುಖ ಬಿಳಿಚಿಕೊಂಡದ್ದು ಅದೊಂದೇ ಸಲ ಅನ್ನುತ್ತಾರೆ.

ಮೊದಲು ಎದ್ದವನು ದಸ್ತಗೀರ. ಬಂದವನೇ ಕಾರಿನ ಮೂತಿಯ ಮೇಲೆ ಹತ್ತಿ ಕೂತ. ಆಮೇಲೆ ಸೂಲಗಿತ್ತಿ ಗೇಟಪ್ಪನನ್ನು ಎತ್ತಿಕೊಂಡು ಬಂದು, ಸೀಟು ಇಲ್ಲದ ಪಕ್ಕದ ಜಾಗದಲ್ಲಿ ಕೂತಳು. ಬಣ್ಣ ಅಂದವರು ಬಂದರು, ಮಕಮಲ್ಲು ಅಂದವರು ಬಂದರು. ಹಿಂದೆ ಕೂತರು, ಚಕ್ರದ ಮೇಲೆ ಕೂತರು, ಜಾಗ ಸಿಗದವರು ಸುತ್ತ ಹಿಡಿದು ಜೋತುಬಿದ್ದರು. ಇಬ್ಬರು ಕೂರುವ ಕಾರಿನಲ್ಲಿ ಇಡೀ ಕೆಂಚಕಣಿವೆ ಕೂತಿತ್ತು ಅನ್ನುತ್ತಾರೆ. ದಸ್ತಗೀರ ತಂತಿ ಬಿಚ್ಚಿ ತುತ್ತೂರಿ ತೆಗೆದು ಊದತೊಡಗಿದ. ಲಾರಿ ಗುರುಗುಟ್ಟಿತು, ಚಕ್ರ ತಿರುಗಿ ಮಣ್ಣು ಹಾರಿತು. ಕಾರು ಎಳ್ಳಷ್ಟೂ ಅಲುಗಲಿಲ್ಲ.

ಸರಪಳಿ ತುಂಡಾಯಿತು ಅನ್ನುತ್ತಾರೆ. ಇನ್ನು ಕೆಲವರು, ಗುರುಸಿದ್ಧ ತಾನೇ ಇಂಜಿನ್ ಆರಿಸಿ, ಕೀಲಿಯನ್ನು ಕೆರೆಗೆ ಎಸೆದು, ಬಂದು ಬಾನೆಟ್ಟಿನ ಮೇಲೆ ದಸ್ತಗೀರನ ಪಕ್ಕ ಕೂತ ಅನ್ನುತ್ತಾರೆ. ನನ್ನನ್ನು ಕೇಳಿದರೆ ಎರಡನೆಯದೇ ನಿಜ. ಸರಪಳಿ ಅಷ್ಟು ಸುಲಭಕ್ಕೆ ತುಂಡಾಗುವುದಿಲ್ಲ. ಮನುಷ್ಯ ತಿರುಗಿ ನಿಂತಾಗ ಹಾಗೆ ಸದ್ದಾಗುತ್ತದೆ, ದೂರದಿಂದ ಕೇಳಿದವರಿಗೆ ಸರಪಳಿ ಅನ್ನಿಸಿರಬೇಕು.

ಧಣಿ ಕಾದ. ಬಿಸಿಲು ಬಂತು, ಮಳೆ ಬಂತು, ಊರು ಸರದಿಯ ಮೇಲೆ ಕಾರಿನಲ್ಲಿ ಕೂತಿತು, ಅಲ್ಲೇ ಉಂಡಿತು, ಅಲ್ಲೇ ಜಗಳವಾಡಿತು. ಗಣಿಗೆ ಹೋಗುವ ಆಳುಗಳೇ ಇಲ್ಲವಾದಾಗ ಧಣಿ ಕಂಬಗಳನ್ನು ವಾಪಸ್ ಹೊರಿಸಿಕೊಂಡು ಹೋದ. ತಡಿಯಕ್ಕ ಕಾಲು ತೆಗೆದಳು. ಮೊದಲು ಆ ದಾರಿಯಲ್ಲಿ ಪೇಟೆಗೆ ಹೋದದ್ದು ಕೆಂಪು ಕಾರು, ಪಕ್ಕದಲ್ಲಿ ಗೇಟಪ್ಪ.

ಅವಳು ಬಹಳ ಕಾಲ ಬದುಕಿದಳು, ಬಹಳ ಜನರನ್ನು ಬೈದಳು, ಒಂದು ದಿನ ಹೋದಳು. ಕಾರು ಏನಾಯಿತು ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಪೆಡಲು ಮಾತ್ರ ಇಲ್ಲೇ ಇದೆ, ನೋಡಿ, ಹುಣಸೆ ಮರದ ಬುಡದ ಆ ಕಲ್ಲಿನಲ್ಲಿ. ಹೊಸ ಗಾಡಿ ತಂದವರು ಅಲ್ಲಿಗೆ ಹೋಗುತ್ತಾರೆ. ಚಪ್ಪಲಿ ಬಿಡುತ್ತಾರೆ, ಬಲಗಾಲು ಪೆಡಲಿನ ಮೇಲೆ ಇಟ್ಟು "ತಡಿ" ಅನ್ನುತ್ತಾರೆ. ಆಮೇಲೆ ಗಾಡಿಯಿಂದ ಬೇಡದ ಸಾಮಾನು ಯಾವುದಾದರೂ ಒಂದು ಬಿಚ್ಚಿ ಮರಕ್ಕೆ ಕಟ್ಟುತ್ತಾರೆ. ಬಂಪರು, ಬೊಂಬೆ, ಕನ್ನಡಿ, ಎಷ್ಟು ನೇತಾಡುತ್ತಿವೆ ನೋಡಿ, ಗಾಳಿ ಬಂದರೆ ಇಡೀ ಮರ ಗಲಗಲ ಅನ್ನುತ್ತದೆ. ಪೂಜೆಯ ಕಲ್ಲಿಗೆ ಕಾಲಿಡ್ತೀರೇನ್ರಿ ಅಂತ ಹೊರಗಿನವರು ಬೈಯುತ್ತಾರೆ. ಬೈಯಲಿ. ಬೇರೆ ಕಡೆ ಕೈಯಿಂದ ಮುಗಿಯುತ್ತಾರೆ, ನಾವು ಕಾಲಿಂದ ಮುಗಿಯುತ್ತೇವೆ. ಅವಳು ನಮ್ಮ ದಾರಿ ಉಳಿಸಿದ್ದು ಕಾಲಿಂದಲೇ.

ಗೇಟೇ ಇಲ್ಲದ ಈ ಜಾಗಕ್ಕೆ ಬಸ್ಸಿನವರು ಈಗಲೂ ತಡಿಯಕ್ಕನ ಗೇಟು ಅಂತ ಕೂಗಿ ಇಳಿಸುತ್ತಾರೆ. ಈಚೆಗೆ ಯಾರೋ ದಾರಿಗೆ ಕಾಸು ವಸೂಲಿ ಮಾಡುತ್ತೇವೆ ಅಂತ ಕಬ್ಬಿಣದ ಕಂಬ ತಂದು ಇಳಿಸಿದರು. ಊರು ಜಗಳಕ್ಕೇನೂ ಹೋಗಲಿಲ್ಲ. ಟ್ರ್ಯಾಕ್ಟರು, ಆಟೊ, ಸ್ಕೂಟರು, ಇದ್ದಬದ್ದದ್ದನ್ನೆಲ್ಲ ತಂದು ಇಲ್ಲಿ ನಿಲ್ಲಿಸಿ, ಎಲ್ಲರೂ ಬ್ರೇಕಿನ ಮೇಲೆ ಕಾಲಿಟ್ಟು ಕೂತರು. ಬಂದವರು ಕಾದು ಕಾದು ಹೋದರು. ಕಂಬ ಇಲ್ಲೇ ಉಳಿಯಿತು. ಅಗೋ, ಎರಡು ಕವೆಗೋಲಿನ ಮೇಲೆ ಅಡ್ಡ ಇಟ್ಟಿದ್ದಾರೆ, ನಮ್ಮ ಹೆಂಗಸರು ಅದರ ಮೇಲೆ ಬಟ್ಟೆ ಒಣಗಿಹಾಕುತ್ತಾರೆ.