ತೂಬು ಕೆಟ್ಟಿರಲಿಲ್ಲ

ಪಟ್ಟಣದ ಹೆಬ್ಬಾಗಿಲಿನ ಅಧಿಕಾರಿಯಾಗಿದ್ದ ಶಿಷ್ಯನೊಬ್ಬ ಗುರುವನ್ನು ಕೇಳಿದ: “ಹೊಳೆಯಾಚೆಯವರನ್ನು ಸಂತೆಗೆ ಬಿಡಬಾರದೆಂದು ಸಭೆ ಕಾನೂನು ಮಾಡಿದೆ. ಪಟ್ಟಣದ ಮೂಲ ಕಟ್ಟಳೆಗೇ ಅದು ವಿರೋಧ. ನಾಳೆ ಬಾಗಿಲು ಹಾಕಬೇಕಾದವನು ನಾನು. ಜ್ವರ ಅಂತ ಮನೆಯಲ್ಲೇ ಮಲಗಿಬಿಡಲೇ?”

ಗುರು ಒಂದು ಕತೆ ಹೇಳಿದರು.

ಒಂದು ಊರಿನ ಕೆರೆಗೆ ಒಬ್ಬ ನೀರುಗಂಟಿ ಇದ್ದ. ತೂಬು ತೆರೆದು ಮುಚ್ಚಿ ಗದ್ದೆಗಳಿಗೆ ನೀರು ಹಂಚುವುದು ಅವನ ಕೆಲಸ. ಕೆರೆ ಕಟ್ಟಿಸಿದವರು ತೂಬಿನ ಪಕ್ಕ, ಕೆರೆಯೊಳಗೆ, ಒಂದು ಕಲ್ಲು ನೆಟ್ಟು ಬರೆಸಿದ್ದರು: ನೀರು ಕಡಿಮೆಯಾದರೆ ಎಲ್ಲರಿಗೂ ಕಡಿಮೆ, ಯಾವ ಕೇರಿಗೂ ತೂಬು ಮುಚ್ಚಕೂಡದು. ಹಲವು ವರ್ಷ ಕೆರೆ ತುಂಬಿಯೇ ಇತ್ತು. ಕಲ್ಲು ಮುಳುಗಿತ್ತು, ಊರು ಅದನ್ನು ಮರೆತಿತ್ತು. ತೂಬಿನ ಕೆಸರು ತೆಗೆಯಲು ಮುಳುಗುವ ನೀರುಗಂಟಿ ಮಾತ್ರ ಆ ಅಕ್ಷರಗಳನ್ನು ಕೈಯಿಂದ ಸವರಿ ಓದಿದ್ದ.

ಒಂದು ವರ್ಷ ನೀರು ಇಳಿಯತೊಡಗಿತು. ಪಂಚರು ಸೇರಿ, ಕೊನೆಯ ಕೇರಿಯ ತೂಬು ಮುಚ್ಚು ಎಂದರು. ಆ ಕೇರಿಯ ಪೈರು ಆಗಷ್ಟೇ ತೆನೆಗೆ ಬಂದಿತ್ತು.

ನೀರುಗಂಟಿ ಮುಚ್ಚಲಿಲ್ಲ.

ಹಿರಿಯ ಪಂಚ ಒಳ್ಳೆಯವನು. ನೀರುಗಂಟಿಯನ್ನು ಪಕ್ಕಕ್ಕೆ ಕರೆದ. “ಯಾಕಯ್ಯಾ ಹಟ? ತೂಬು ಕೆಟ್ಟಿದೆ, ಮುಚ್ಚೋಕೆ ಆಗ್ತಿಲ್ಲ ಅಂದುಬಿಡು. ಪೈರೂ ಉಳಿಯುತ್ತೆ, ನಿನ್ನ ಕೆಲಸಾನೂ ಉಳಿಯುತ್ತೆ.”

ನೀರುಗಂಟಿ ಕೆರೆಯ ಏರಿ ಹತ್ತಿ, ಎಲ್ಲರಿಗೂ ಕೇಳುವಂತೆ ಹೇಳಿದ: “ತೂಬು ಚೆನ್ನಾಗೇ ಇದೆ, ಯಜಮಾನ್ರೇ. ಮುಚ್ಚದೆ ಇರೋನು ನಾನು. ಮುಚ್ಚಬಾರದು ಅಂತ ಕಲ್ಲಲ್ಲಿ ಬರೆದಿದೆ.”

“ಯಾವ ಕಲ್ಲಯ್ಯಾ? ಮೀನು ಬಂದು ಓದಿ ಹೇಳ್ತೇನು?” ಎಂದು ಇನ್ನೊಬ್ಬ ಪಂಚ ನಕ್ಕ. “ನಿನ್ನ ಮಾತು ಸುಳ್ಳಾದ್ರೆ?”

“ಇನ್ನೆರಡು ಮೊಳ ನೀರಿಳಿದರೆ ನೀವೇ ಓದ್ತೀರಿ. ಸುಳ್ಳಾದ್ರೆ ಇಲ್ಲೇ ಕೂತಿರ್ತೀನಿ, ಹಿಡ್ಕೊಳ್ಳಿ.”

ಪಂಚರು ಅವನ ಕೈಯಿಂದ ನೀರುಗಂಟಿ ಕೆಲಸದ ಗುರುತಾದ ಕೋಲನ್ನು ಕಿತ್ತುಕೊಂಡರು. ಅವನು ತೂಬಿನ ಮೇಲೆಯೇ ಕೂತ. ಅವನನ್ನು ಎಬ್ಬಿಸಿ ತೂಬು ಮುಚ್ಚಲು ಯಾರೂ ಮುಂದೆ ಬರಲಿಲ್ಲ. ಹನ್ನೊಂದನೆಯ ದಿನ ಕಲ್ಲಿನ ತಲೆ ಕಂಡಿತು. ಆಮೇಲೆ ಅಕ್ಷರಗಳು ಕಂಡವು. ಪಂಚರು ಓದಿದರು, ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಂಡರು. ಕೋಲನ್ನು ಮಾತ್ರ ಹಿಂದಿರುಗಿಸಲಿಲ್ಲ.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ತೂಬು ಕೆಟ್ಟಿದೆ ಅಂದಿದ್ದರೂ ಪೈರು ಉಳಿಯುತ್ತಿತ್ತಲ್ಲ, ಗುರುಗಳೇ? ಕೋಲೂ ಉಳಿಯುತ್ತಿತ್ತು.”

“ಆ ಆಜ್ಞೆಯೂ ಉಳಿಯುತ್ತಿತ್ತು,” ಎಂದರು ಗುರು. “ಈಗ ಹೇಳು, ನಾಳೆ ನಿನಗೆ ಜ್ವರವೇ?”