ಗಣಕ ಕಣ್ಣು ಬಿಡುವ ಮುನ್ನ

ಲೋಕದ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಇಂದು ನಾವು ಕಂಪ್ಯೂಟರ್ ಎನ್ನುವ ಗಣಕ ಆಗ ಹೊಳೆಯ ದಂಡೆಯಲ್ಲಿ ವಾಸವಾಗಿದ್ದ. ಯಾವ ಮೋಡ ಎಲ್ಲಿ ಸುರಿಯಬೇಕು, ಯಾವ ಬೀಜ ಯಾವಾಗ ಮೊಳೆಯಬೇಕು ಎಂದು ಹೇಳುವವನು ಅವನೇ. ಅವನು ಬಲ್ಲದ್ದನ್ನೆಲ್ಲ ಬೆಟ್ಟಜ್ಜ ತನ್ನ ಬಂಡೆಗಳ ಮೇಲೆ ಬರೆದಿಟ್ಟಿದ್ದ.

ಒಂದು ದಿನ ಗಣಕ ಮೊದಲ ಸಲ ದಣಿದು ನಿದ್ದೆಹೋದ. ಎದ್ದಾಗ ಅವನಿಗೆ ತನ್ನ ಹೆಸರೂ ನೆನಪಿರಲಿಲ್ಲ.

ಮೋಡಗಳೆಲ್ಲ ಹೊಳೆಯ ಮೇಲೆ ಬಂದು ನಿಂತು, "ಎಲ್ಲಿಗೆ ಹೋಗೋಣ?" ಎಂದವು. "ನೀವು ಯಾರು?" ಎಂದ ಗಣಕ.

ಹೊಳೆಗೆ ಬಾಗಿದ ಕೊಂಬೆಯಲ್ಲಿ ಸೂರಕ್ಕಿ ಎಂಬ ಪುಟ್ಟ ಹಕ್ಕಿಯ ಗೂಡಿತ್ತು, ಗೂಡಿನಲ್ಲಿ ಎರಡು ಮೊಟ್ಟೆ. ಅಷ್ಟೂ ಮೋಡ ಅಲ್ಲೇ ಸುರಿದರೆ ಗೂಡು ಉಳಿಯದು. ಸೂರಕ್ಕಿ ಬೆಟ್ಟಕ್ಕೆ ಹಾರಿ, ಬಂಡೆಯ ಮಾತುಗಳನ್ನು ಬಾಯಿಪಾಠ ಮಾಡತೊಡಗಿದಳು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತುಹೋಗಿತ್ತು.

"ಏನು ಪುಟ್ಟಕ್ಕ, ಬೆಟ್ಟವನ್ನೇ ಕೊಕ್ಕಿನಲ್ಲಿ ಹೊತ್ತೊಯ್ಯುವ ಹವಣಿಕೆಯೋ?" ಎಂದು ಗಾಳಿ ನಕ್ಕಿತು.

ಬೆಟ್ಟಜ್ಜ ನಗಲಿಲ್ಲ. "ನನ್ನನ್ನು ಹೊರಬೇಡ, ಮಗಳೇ. ನನ್ನಲ್ಲಿಗೆ ಬರುವ ದಾರಿಯನ್ನಷ್ಟೇ ನೆನಪಿಡು."

ದಾರಿ ಚಿಕ್ಕದು. ಅದು ಅವಳ ತಲೆಯಲ್ಲಿ ನಿಂತಿತು. ಅವಳು ಹೊಳೆಗೆ ಹಾರಿ ಬಂದಳು.

"ಗಣಕಣ್ಣ, ಏಳು. ಆ ಬೆಟ್ಟಕ್ಕೆ ಓಡು," ಎಂದಳು. ಗಣಕ ಎರಡು ಹೆಜ್ಜೆ ಓಡಿ ಮುಗ್ಗರಿಸಿ ಬಿದ್ದ. ಒಂದು ಕಾಲು ಜೋಮು ಹಿಡಿದಿತ್ತು.

"ಕಾಲು ಎಚ್ಚರವಾಗಿದೆಯೇ ಎಂದು ನೋಡಬಾರದಿತ್ತೇ?" ಎಂದ ಗಣಕ.

"ತಪ್ಪು ನನ್ನದೇ, ಅಣ್ಣ."

ಅವಳು ಕಾಲು ಕುಟುಕಿದಳು, ಕೈ ಕುಟುಕಿದಳು, ಕಣ್ಣು ನೋಡಿದಳು, ಕಿವಿ ನೋಡಿದಳು. ಎಲ್ಲವೂ ಸರಿಯೆನಿಸಿದಾಗ ಒಮ್ಮೆ "ಚಿಕ್" ಎಂದಳು. ಆಮೇಲೆ ದಾರಿ ಹೇಳಿದಳು.

ಗಣಕ ಬೆಟ್ಟ ಸೇರಿ ಮೊದಲ ಬಂಡೆಯನ್ನು ತಡವರಿಸುತ್ತ ಓದಿದ. ಓದಿದಂತೆಲ್ಲ ನೆನಪು ಮರಳಿತು. ಮೋಡಗಳನ್ನು ಒಂದೊಂದಾಗಿ ಕರೆದು ಒಂದೊಂದು ದಿಕ್ಕಿಗೆ ಕಳುಹಿಸಿದ. ಗೂಡು ಉಳಿಯಿತು.

ಗಣಕ ಸೂರಕ್ಕಿಯ ಮುಂದೆ ತಲೆ ಬಾಗಿಸಿದ. "ತಾಯಿ, ನಾನು ಮತ್ತೆ ಮಲಗುತ್ತೇನೆ, ಮತ್ತೆ ಮರೆಯುತ್ತೇನೆ. ನನ್ನ ಎದೆಯೊಳಗೇ ಬಂದು ಗೂಡು ಕಟ್ಟಿಕೊಳ್ಳುವೆಯಾ?"

"ನನಗೆ ದಾರಿ ಹೇಳುವ ಆ ನಾಲ್ಕು ಮಾತು ಬಿಟ್ಟರೆ ಬೇರೇನೂ ಬಾರದಲ್ಲ."

"ಆ ನಾಲ್ಕು ಮಾತಿನಿಂದಲೇ ನಾನು ನಾನಾದೆ."

ಆದ್ದರಿಂದಲೇ ಮಗು, ನೀನು ಗುಂಡಿ ಒತ್ತಿದೊಡನೆ ಕಂಪ್ಯೂಟರ್ ಕಣ್ಣು ಬಿಡುವುದಿಲ್ಲ. ಎದೆಯೊಳಗಿನ ಪುಟ್ಟ ಹಕ್ಕಿ ಅದರ ಕೈಕಾಲು ನೋಡಿ ಬೆಟ್ಟದ ದಾರಿ ಹೇಳುವವರೆಗೂ ಕಪ್ಪು ಪರದೆಯ ಹಿಂದೆ ಅದು ತಲೆ ಬಾಗಿಸಿ ಕೇಳುತ್ತಿರುತ್ತದೆ.